ಹೆಣ್ಣನ್ನು ಕರೆಯುವ ಮೀನಿನ ಊರಿನಲ್ಲಿ

ಮೀನಿನ ದನಿ ಕೇಳಲು ಪೋರ್ಚುಗಲ್ಲಿಗೆ ಹೋಗುತ್ತಿದ್ದೇನೆ ಎಂದಾಗ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಗದೇ ಇದ್ದವರು ಯಾರೂ ಇರಲಿಲ್ಲ. ಮೀನಿನ ಹೆಜ್ಜೆ ಕಂಡವರಿಲ್ಲ ಎಂದು ಹಿರಿಯರು ಹೇಳಿದರೆ ಇವರು ದನಿ ಕೇಳಲು ಹೊರಟಿದ್ದಾರೆ ನೋಡಿ ಎಂದು ಕನ್ನಡ ವಿಭಾಗದವರು ಕಾಲೆಳೆದರು. ನಮ್ಮ ಕೃಷ್ಣಾ ನದಿಯ ಮೀನುಗಳು ಏನು ಪಾಪ ಮಾಡಿದ್ದವು, ಅವು ಪಾಸ್‌ಪೋರ್ಟ್ ಕೂಡ ಕೇಳುವುದಿಲ್ಲವಲ್ಲ ಎಂದರು ಗಣಿತದ ಮೇಷ್ಟ್ರು. ಚಿಕ್ಕೋಡಿಯಲ್ಲಿ ವರ್ಷಗಟ್ಟಲೆ ಪ್ರಾಣಿಶಾಸ್ತ್ರ ಕಲಿಸಿದವಳಿಗೆ ಇಂಥ ಮಾತು ಹೊಸದಲ್ಲ. ಕಪ್ಪೆ ಕೊಯ್ಯುವ ಮೇಡಂ ಎಂಬ ಬಿರುದು ಹೊತ್ತೇ ನಾನು ಇಲ್ಲಿಯವರೆಗೆ ಬಂದಿದ್ದೇನೆ.

ಗಣಿತದ ಮೇಷ್ಟ್ರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕೃಷ್ಣೆಯಲ್ಲಿ ಬಲೆ ಹಾಕುವವರನ್ನು ಕೇಳಿ ನೋಡಿ, ಮೀಸೆಯ ಮೀನನ್ನು ನೀರಿನಿಂದ ಎತ್ತಿದರೆ ಅದು ಕಿರ್ ಕಿರ್ ಎನ್ನುತ್ತದೆ ಎಂದು ಹೇಳುತ್ತಾರೆ. ಅದು ಈಜುರೆಕ್ಕೆಯ ಮುಳ್ಳನ್ನು ಅದು ಕೂತ ಎಲುಬಿನ ಕುಳಿಗೆ ತಿಕ್ಕಿ ಮಾಡುವ ಸದ್ದು, ಹೆದರಿಕೆಯ ಸದ್ದು. ನಾನು ಹೊರಟಿದ್ದು ಬೇರೆ ಸದ್ದಿಗೆ. ಲಿಸ್ಬನ್ ನಗರದ ಪಕ್ಕ ತೇಜೋ ನದಿ ಸಮುದ್ರ ಸೇರುವ ಅಗಲವಾದ ಅಳಿವೆಯಲ್ಲಿ, ಕಪ್ಪೆಮೋರೆಯ ಒಂದು ಮೀನಿದೆ. ಊರವರು ಅದನ್ನು ಶಾರ್ರೊಕು ಎನ್ನುತ್ತಾರೆ. ಬೇಸಿಗೆ ಬಂತೆಂದರೆ ಗಂಡು ಕಲ್ಲಿನ ಕೆಳಗೆ ಮನೆ ಮಾಡಿಕೊಂಡು, ಅಲ್ಲೇ ಕುಳಿತು ಹೆಣ್ಣನ್ನು ಕರೆಯುತ್ತದೆ. ಅದನ್ನು ಕೇಳುವ, ಅಳೆಯುವ ಒಂದು ಸಣ್ಣ ತರಬೇತಿಗೆ ನಾನು ಅರ್ಜಿ ಹಾಕಿದ್ದೆ. ಹೇಗೋ ಕರೆ ಬಂತು.

ಬೇಡಕಿಹಾಳ

ಹೊರಡುವ ಮುಂಚಿನ ಭಾನುವಾರ ನಡೆದದ್ದನ್ನು ಮೊದಲು ಹೇಳಬೇಕು. ಅದನ್ನು ಬಿಟ್ಟರೆ ಈ ಪ್ರವಾಸ ಅರ್ಥವಾಗುವುದಿಲ್ಲ.

ನನ್ನ ಅಕ್ಕನ ಮನೆ ಬೇಡಕಿಹಾಳದಲ್ಲಿ. ನನ್ನನ್ನು ಮಾವಶಿ ಎನ್ನುವ ಅವಳ ಮಗಳು ಅಶ್ವಿನಿಯನ್ನು ನೋಡಲು ಅಂದು ಅಥಣಿ ಕಡೆಯವರು ಬಂದಿದ್ದರು. ಅಶ್ವಿನಿ ಊರಿನ ಹಾಲಿನ ಡೇರಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಹಾಲು ತೆಗೆದುಕೊಂಡು ಫ್ಯಾಟ್ ನೋಡುತ್ತಾಳೆ. ಫ್ಯಾಟ್ ಕಡಿಮೆ ಬಂತೆಂದು ಜಗಳಕ್ಕೆ ಬರುವ ಮೀಸೆಯ ಗೌಡರಿಗೆ, ನೀರು ಎಮ್ಮೆ ಕುಡಿದದ್ದೋ ಕ್ಯಾನು ಕುಡಿದದ್ದೋ ಎಂದು ಎದುರೇ ಕೇಳುವ ಹುಡುಗಿ. ಅವಳ ದನಿ ಡೇರಿಯಿಂದ ಬಸ್ ನಿಲ್ದಾಣದವರೆಗೆ ಕೇಳುತ್ತದೆ ಎಂದು ಊರಲ್ಲಿ ತಮಾಷೆ ಮಾಡುತ್ತಾರೆ.

ಆ ದಿನ ಅವಳು ಅರ್ಧ ತಾಸು ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದಳು. ಎಲ್ಲವನ್ನೂ ಹುಡುಗನ ತಂದೆಯೇ ಮಾತಾಡಿದರು. ಕಬ್ಬಿಗೆ ಹನಿ ನೀರಾವರಿ ಮಾಡಿದ್ದು, ಹೊಸ ಮನೆಗೆ ಸ್ಲ್ಯಾಬ್ ಹಾಕಿದ್ದು, ನಮ್ಮ ಮನೆಯಲ್ಲಿ ಸೊಸೆ ಡೇರಿಗೆ ಹೋಗುವ ಅಗತ್ಯ ಬೀಳುವುದಿಲ್ಲ ಎಂಬುದು. ಹುಡುಗ ಸೌಮ್ಯ ಮುಖದವನು. ಉಪ್ಪಿಟ್ಟು ತಿಂದ, ಚಹಾ ಕುಡಿದ, ಮೊಬೈಲು ನೋಡಿದ. ಏಳುವ ಮುಂಚೆ ಅವನ ತಾಯಿ ಅಶ್ವಿನಿಗೆ ಉಡಿ ತುಂಬಲು ಎದ್ದರು. ನಮ್ಮ ಕಡೆ ಉಡಿ ಬೇಡ ಎನ್ನುವಂತಿಲ್ಲ, ಅದು ಅಶುಭ. ಅಶ್ವಿನಿ ಸೆರಗು ಒಡ್ಡಿದಳು. ತೆಂಗಿನಕಾಯಿ, ರವಿಕೆಗೆಂದು ಕುಬಸದ ಕಣ, ಅಕ್ಕಿ ಬಿದ್ದವು. ಅಲ್ಲಿಗೆ ಹುಡುಗಿ ಒಪ್ಪಿದಳು ಎಂದಾಯಿತು. ನಾನು ಮರಳಿ ಬಂದ ಮರುವಾರವೇ ಸಾಕರಪುಡಾ, ಅಂದರೆ ನಿಶ್ಚಿತಾರ್ಥ, ಎಂದು ಭಾವ ಅಲ್ಲೇ ಹೇಳಿಬಿಟ್ಟರು.

ಅವಳ ಮೌನ ನನಗೆ ವಿಚಿತ್ರವೆನಿಸಲಿಲ್ಲ. ನನ್ನನ್ನೂ ಹೀಗೆಯೇ ನೋಡಿದ್ದರು, ನಾನೂ ಸುಮ್ಮನಿದ್ದೆ, ನನಗೆ ಹುಡುಗ ಹಿಡಿಸಿದ್ದ. ಹಾಗಾಗಿ ಹುಡುಗಿ ಸುಮ್ಮನಿದ್ದರೆ ಹಿಡಿಸಿದೆ ಎಂದೇ ನಾನು ತಿಳಿದುಕೊಂಡಿದ್ದೆ. ಸಂಜೆ ಚಿಕ್ಕೋಡಿಗೆ ಬಂದು ಸೂಟ್‌ಕೇಸಿಗೆ ಬಟ್ಟೆ ತುಂಬಿದೆ.

ಲಿಸ್ಬನ್

ಮೊದಲ ದಿನವೇ ಒಂದು ಫಜೀತಿಯಾಯಿತು. ಹೋಟೆಲಿನಲ್ಲಿ ಕುಳಿತ ಕೂಡಲೇ ಬಿಳಿ ಏಪ್ರನ್ನಿನ ಹಿರಿಯ ಮಾಣಿ ಒಬ್ಬ ಬಂದು ಬ್ರೆಡ್ಡು, ಎಣ್ಣೆಯಲ್ಲಿ ನೆನೆಸಿದ ಆಲಿವ್ ಕಾಯಿ, ಒಂದು ತುಣುಕು ಚೀಸು ಇಟ್ಟು ಹೋದ. ನಾನು ಏನೂ ಕೇಳಿರಲಿಲ್ಲ. ಎಂಥ ಮರ್ಯಾದಸ್ಥ ಜನ, ನಮ್ಮ ಕಡೆ ಬಂದವರಿಗೆ ಬೆಲ್ಲ ನೀರು ಕೊಡುವ ಹಾಗೆ ಇವರು ಆಲಿವ್ ಕೊಡುತ್ತಾರೆ ಎಂದು ಕರಗಿಹೋದೆ. ಕೊಟ್ಟದ್ದನ್ನು ಬಿಡಬಾರದು ಎಂದು ಹಿಡಿಸದ ಆಲಿವ್‌ಗಳನ್ನೂ ಒಂದೊಂದಾಗಿ ನುಂಗಿದೆ. ಬಿಲ್ಲು ಬಂದಾಗ ಎಲ್ಲವೂ ಅದರಲ್ಲಿತ್ತು.

ಮರುದಿನ ಇದನ್ನು ತೆರೆಜಾ ಅವರಿಗೆ ಹೇಳಿ ಗೊಣಗಿದೆ. ತೆರೆಜಾ ನಮ್ಮ ತರಬೇತಿಯ ಮುಖ್ಯಸ್ಥೆ. ಅರವತ್ತರ ಹತ್ತಿರದವರು, ಗಿಡ್ಡ ಕೂದಲು, ಬಿಸಿಲಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಮುಖ. ಅವರು ನಕ್ಕು, ಇದು ಇಲ್ಲಿಯ ಪದ್ಧತಿ ಎಂದರು. ತಂದಿಡುತ್ತಾರೆ, ಬೇಡವಾದರೆ ಬೇಡ ಎನ್ನಬೇಕು, ತೆಗೆದುಕೊಂಡು ಹೋಗುತ್ತಾರೆ, ಯಾರಿಗೂ ಬೇಜಾರಿಲ್ಲ. ನೀವು ಯಾಕೆ ಹೇಳಲಿಲ್ಲ ಎಂದು ಕೇಳಿದರು. ನಮ್ಮಲ್ಲಿ ಎದುರಿಗಿಟ್ಟದ್ದನ್ನು ಬೇಡ ಎನ್ನುವುದಿಲ್ಲ ಎಂದೆ. ಹಾಗಾದರೆ ನಿಮ್ಮಲ್ಲಿ ಬೇಡವಾದವರು ಏನು ಮಾಡುತ್ತಾರೆ ಎಂದರು. ತಿನ್ನುತ್ತಾರೆ ಎಂದೆ. ಇಬ್ಬರೂ ನಕ್ಕೆವು.

ಈ ಜನ ಬಹಳ ಮಾತಿನವರಲ್ಲ. ಕಾಫಿ ಅಂಗಡಿಯ ಕಟ್ಟೆಗೆ ಒರಗಿ, ಬೆರಳುದ್ದದ ಕಪ್ಪಿನಲ್ಲಿ ಕಷಾಯದಂಥ ಕಾಫಿಯನ್ನು ಎರಡು ಗುಟುಕಿಗೆ ಮುಗಿಸಿ ಹೋಗುತ್ತಾರೆ. ನಮ್ಮ ನಿಪ್ಪಾಣಿಯಲ್ಲಿ ಒಂದು ಕಟ್ ಚಹಾಕ್ಕೆ ಒಂದು ಗ್ರಾಮ ಪಂಚಾಯಿತಿ ಚುನಾವಣೆ ಮುಗಿದುಹೋಗುತ್ತದೆ. ಆದರೆ ಫೋನಿನಲ್ಲಿ ಮಾತ್ರ ಇವರು ಒಂದೇ ಸಮನೆ 'ಪೊಯಿಶ್, ಪೊಯಿಶ್' ಎನ್ನುತ್ತಿರುತ್ತಾರೆ. ಎಲ್ಲದಕ್ಕೂ ಒಪ್ಪುತ್ತಿದ್ದಾರೆ ಎಂದುಕೊಂಡಿದ್ದೆ. ಹಾಗಲ್ಲವಂತೆ, ಕೇಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ ಅರ್ಥವಂತೆ. ಕಥೆ ಹೇಳುವವರ ಮುಂದೆ ಕುಳಿತ ನಮ್ಮ ಅಜ್ಜಿಯರು ಹೂಂಗುಟ್ಟುತ್ತಿದ್ದ ಹಾಗೆ.

ದೋಣಿಕಟ್ಟೆ

ನದಿಯ ಆಚೆ ದಡದಲ್ಲಿ ಒಂದು ಹಳೆಯ ದೋಣಿಕಟ್ಟೆ. ಅದರ ಬುಡದಲ್ಲಿ, ಸಮುದ್ರ ಇಳಿದಾಗ ಬಯಲಾಗುವ ಕೆಸರಿನಲ್ಲಿ, ತೆರೆಜಾ ಕಾಂಕ್ರೀಟಿನ ಗೂಡುಗಳನ್ನು ಸಾಲಾಗಿ ಇಟ್ಟಿದ್ದರು. ಪೈಪನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂತೆ ಕಾಣುತ್ತಿದ್ದವು. ಗಂಡು ಮೀನುಗಳು ತಾವಾಗಿಯೇ ಬಂದು ಅವುಗಳಲ್ಲಿ ಸೇರಿಕೊಂಡಿದ್ದವು. ಪ್ರತಿ ಗೂಡಿನ ಪಕ್ಕ ನೀರೊಳಗಿನ ಸದ್ದು ಹಿಡಿಯುವ ಮೈಕು.

ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಆ ಸದ್ದು ಕೇಳಿದಾಗ ನನ್ನ ಮೈ ಜುಮ್ಮೆಂದಿತು. ಖಾಲಿ ಕೊಡದ ಬಾಯಿಗೆ ಯಾರೋ ಊದಿದ ಹಾಗೆ, ಹೂಂ ಎಂದು ಒಂದು ದನಿ. ಸ್ವಲ್ಪ ಬಿಟ್ಟು ಇನ್ನೊಂದು ಕಡೆಯಿಂದ ಹೂಂ. ಒಬ್ಬ ನಿಲ್ಲಿಸಿದಾಗ ಇನ್ನೊಬ್ಬ. ಅವು ಬಾಯಿಂದ ಕೂಗುವುದಿಲ್ಲ. ಮೀನಿನ ಹೊಟ್ಟೆಯಲ್ಲಿ ತೇಲಲು ಒಂದು ಗಾಳಿಚೀಲವಿರುತ್ತದೆ. ಶಾರ್ರೊಕುವಿಗೆ ಆ ಚೀಲದ ಎರಡೂ ಪಕ್ಕಕ್ಕೆ ಸ್ನಾಯುಗಳು ಅಂಟಿಕೊಂಡಿವೆ. ಅವು ಕಣ್ಣಿಗೆ ಸಿಗದ ವೇಗದಲ್ಲಿ ಬಿಗಿದು ಸಡಿಲವಾಗುತ್ತ ಚೀಲವನ್ನು ನಡುಗಿಸುತ್ತವೆ. ಆ ನಡುಕವೇ ದನಿ. ಇದನ್ನೆಲ್ಲ ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಚಿತ್ರ ಬರೆದು ಹೇಳಿದ್ದೇನೆ. ಆದರೆ ಚಿತ್ರಕ್ಕೆ ದನಿ ಇರಲಿಲ್ಲ. ಸೊಂಟದವರೆಗಿನ ರಬ್ಬರ್ ಪ್ಯಾಂಟು ಹಾಕಿಕೊಂಡು ನಿಂತಿದ್ದ ನಾನು ಒಬ್ಬಳೇ ನಕ್ಕೆ.

ಹೀಗೆ ಕರೆಯುವುದು ಸುಲಭದ ಕೆಲಸವಲ್ಲ. ಚೆನ್ನಾಗಿ ತಿಂದು ಬಲಿತ ಗಂಡೇ ಬಿಡದೆ ಕರೆಯಬಲ್ಲದು. ಹೆಣ್ಣು ದನಿ ಕೇಳುತ್ತ ಬರುತ್ತದೆ, ಗೂಡು ನೋಡುತ್ತದೆ, ಹಿಡಿಸಿದರೆ ಒಳಗೆ ಹೋಗಿ ಗೂಡಿನ ಚಾವಣಿಗೆ ಮೊಟ್ಟೆ ಅಂಟಿಸಿ ತನ್ನ ದಾರಿ ಹಿಡಿಯುತ್ತದೆ. ಹಿಡಿಸದಿದ್ದರೆ ಮುಂದಿನ ಗೂಡು. ಮೊಟ್ಟೆ ಕಾಯುವುದು, ಮರಿ ಬಿಡಿಸುವುದು ಎಲ್ಲ ಗಂಡಿನ ಪಾಲು. ನಮ್ಮಲ್ಲಿ ಕನ್ಯಾ ನೋಡುತ್ತಾರೆ, ಇಲ್ಲಿ ವರನನ್ನು ನೋಡುತ್ತಾರೆ ಎಂದು ತೆರೆಜಾ ಅವರಿಗೆ ಹೇಳಿದೆ. ಉಪ್ಪಿಟ್ಟು ಎಂದರೇನೆಂದು ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಆಗಾಗ ಲಿಸ್ಬನ್ನಿನಿಂದ ಜನರನ್ನು ತುಂಬಿಕೊಂಡ ದೊಡ್ಡ ದೋಣಿ ಹಾದುಹೋಗುತ್ತಿತ್ತು. ಹೆಡ್‌ಫೋನಿನಲ್ಲಿ ಅದರ ಎಂಜಿನ್ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆದುಕೊಂಡು, ಡೆಕ್ಕಿನಲ್ಲಿ ಹಾಡು ಹಚ್ಚಿಕೊಂಡು ಕಾಲೇಜಿನ ಮುಂದೆ ಹೋಗುವ ಟ್ರಾಕ್ಟರುಗಳು ನೆನಪಾದವು. ಆಗ ನಾನು ಪಾಠ ನಿಲ್ಲಿಸಿ ಕಾಯುತ್ತೇನೆ. ದೋಣಿ ದೂರವಾದ ಮೇಲೆ ಮೀನುಗಳ ದನಿ ಮತ್ತೆ ಕೇಳುತ್ತಿತ್ತು.

ಕೆಸರು

ತರಬೇತಿಗೆ ಬಂದವರಿಗೆಲ್ಲ ಒಂದೊಂದು ಗೂಡು ವಹಿಸಿದ್ದರು. ನನ್ನ ಪಾಲಿನ ಗಂಡು ಮೊದಲು ಚೆನ್ನಾಗಿಯೇ ಕರೆಯುತ್ತಿತ್ತು. ಆಮೇಲೆ ನಿಂತಿತು. ನಾನು ಸಂತೋಷಪಟ್ಟೆ. ಪಕ್ಕದ ಗೂಡಿನವು ಇನ್ನೂ ಕೂಗುತ್ತಿದ್ದರೆ ನನ್ನದು ಸುಮ್ಮನಾಗಿದೆ ಎಂದರೆ ಅದಕ್ಕೆ ಹೆಣ್ಣು ಸಿಕ್ಕಿದೆ, ಗೂಡು ತುಂಬಿದೆ, ಇನ್ನು ಕರೆಯುವ ಹಂಗಿಲ್ಲ. ಎರಡು ದಿನ ಹೆಡ್‌ಫೋನಿನಲ್ಲಿ ಬರೀ ನೀರಿನ ಸದ್ದು ಕೇಳಿ, ಮದುವೆ ಮಾಡಿಸಿದ ಹಿರಿಯಳಂತೆ ಬೀಗುತ್ತ ಇದ್ದೆ. ಊಟದ ಹೊತ್ತಿಗೆ ತೆರೆಜಾ ಕೇಳಿದಾಗ, ನನ್ನವನ ಸಂಸಾರ ಹೂಡಿಯಾಯಿತು ಎಂದು ಹೇಳಿದೆ.

ಹೇಗೆ ಗೊತ್ತು ಎಂದರು ಅವರು. ಸುಮ್ಮನಾಗಿದೆಯಲ್ಲ ಎಂದೆ.

ಅವರು ಊಟ ಮುಗಿಸಿದರು. ನೀರು ಇಳಿದ ಮೇಲೆ ನನ್ನನ್ನು ಕರೆದುಕೊಂಡು ಕೆಸರಿಗೆ ಇಳಿದರು. ಒಂದು ಹೆಜ್ಜೆಗೆ ಒಂದು ಸಲ ಬೂಟು ಕೆಸರಿಗೆ ಸಿಕ್ಕಿ, ಕಾಲು ಬೂಟಿನಿಂದ ಹೊರಗೆ ಬರುತ್ತಿತ್ತು. ಗೂಡಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಇಬ್ಬರೂ ಸೇರಿ ಅದನ್ನು ಓರೆಯಾಗಿ ಎತ್ತಿದೆವು. ಚಾವಣಿಗೆ ಒಂದು ಮೊಟ್ಟೆಯೂ ಇರಲಿಲ್ಲ. ಮೀನೂ ಇರಲಿಲ್ಲ. ಒಂದು ಏಡಿ ಮಾತ್ರ ಅಡ್ಡಡ್ಡ ಓಡಿ ಕೆಸರಿಗೆ ಇಳಿಯಿತು. ಗಂಡು ಎರಡು ದಿನದ ಹಿಂದೆಯೇ ಬಿಟ್ಟುಹೋಗಿರಬೇಕು.

ಪಕ್ಕದ ಗೂಡು ಎತ್ತಿದೆವು. ಅಲ್ಲಿ ಗಂಡು ಇತ್ತು. ಚಾವಣಿಯ ತುಂಬ ಜೋಳದ ಕಾಳಿನಂತೆ ಹಳದಿ ಮೊಟ್ಟೆಗಳು. ನೀರಿಲ್ಲದ ಕೆಸರಿನಲ್ಲಿ, ನಮ್ಮ ಕೈ ಅದರ ಮುಖದ ಹತ್ತಿರವಿದ್ದರೂ ಅದು ಅಲುಗಾಡಲಿಲ್ಲ. ಇದೇ ಮೀನು ಬೆಳಿಗ್ಗೆಯೆಲ್ಲ ಕರೆದಿತ್ತು. ಮೊಟ್ಟೆ ಇದ್ದರೂ ಇನ್ನೊಂದು ಹೆಣ್ಣು ಬಂದೀತು ಎಂದು ಕರೆಯುತ್ತಲೇ ಇರುತ್ತದಂತೆ. ಸಾವಕಾಶವಾಗಿ ಗೂಡು ಮುಚ್ಚಿದೆವು.

ತೆರೆಜಾ ನನ್ನನ್ನು ಗದರಲಿಲ್ಲ. ಇಂಗ್ಲಿಷಿನಲ್ಲಿ, ತರಗತಿಯಲ್ಲಿ ಹೇಳುವಂತೆ, ಹೀಗೆ ಹೇಳಿದರು: “ಸದ್ದಿಲ್ಲ ಅಂದರೆ ನಮಗೆ ಏನೂ ಗೊತ್ತಿಲ್ಲ ಅಂತ ಅರ್ಥ. ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ಮೈಕು ಕೆಟ್ಟಿರಬಹುದು, ಮೀನು ಹೋಗಿರಬಹುದು, ಅಲ್ಲೇ ಇದ್ದು ಮನಸ್ಸಿಲ್ಲದೆ ಕೂತಿರಬಹುದು. ಎತ್ತಿ ನೋಡದೆ ಹೇಳಬಾರದು.”

ಅವರು ಮೀನಿನ ಬಗ್ಗೆಯೇ ಹೇಳಿದ್ದು. ಅಶ್ವಿನಿಯ ಹೆಸರನ್ನು ಕೂಡ ಅವರು ಕೇಳಿಲ್ಲ. ಆದರೆ ಕೆಸರು ಮೆತ್ತಿದ ಕೈಯಲ್ಲಿ ನಿಂತವಳಿಗೆ ಕಂಡದ್ದು ಬೇಡಕಿಹಾಳದ ಚಾಪೆ. ಡೇರಿಯಲ್ಲಿ ಊರಿಗೆಲ್ಲ ಕೇಳುವಂತೆ ಮಾತಾಡುವ ಹುಡುಗಿ ಅರ್ಧ ತಾಸು ಒಂದಕ್ಷರ ಆಡಲಿಲ್ಲ. ಅದನ್ನು ನೋಡಿಯೂ ನಾನು ಚಹಾದ ಕಪ್ಪು ಎತ್ತಿಟ್ಟು ಬಂದಿದ್ದೆ. ನನಗೆ ಹೆದರಿಕೆಯಾಯಿತು. ಸಾಕರಪುಡಾದ ಸೀರೆ ತಂದಾಗಿತ್ತು, ಉಂಗುರದ ಅಳತೆ ಹೋಗಿತ್ತು. ಹುಡುಗಿ ಖುಷಿಯಲ್ಲಿದ್ದಾಳೆ ಎಂದು ಅಕ್ಕ ಹಿಂದಿನ ದಿನವಷ್ಟೇ ಫೋನಿನಲ್ಲಿ ಹೇಳಿದ್ದಳು. ಹೇಗೆ ಗೊತ್ತು ಎಂದು ನಾನು ಕೇಳಿರಲಿಲ್ಲ.

ದೋಣಿಕಟ್ಟೆ ಹತ್ತಿ, ಕೈ ತೊಳೆದು, ಅಶ್ವಿನಿಗೆ ಫೋನು ಹಚ್ಚಿದೆ. ಅಲ್ಲಿ ಸಂಜೆಯ ಹಾಲು ಮುಗಿದಿತ್ತು. ಕ್ಯಾನು ತೊಳೆಯುವ ನೀರಿನ ಸದ್ದು ಕೇಳುತ್ತಿತ್ತು. ನನಗೇನು ತರುತ್ತಿ ಎಂದು ಅವಳು ಮಾತು ಶುರು ಮಾಡಿದಳು. ನಾನು ಸುತ್ತಿ ಬಳಸಿ ಹೇಳಲು ಹೋಗಲಿಲ್ಲ.

“ಅಶ್ವಿನಿ, ಆ ಅಥಣಿ ಹುಡುಗ ನಿನಗ ಬೇಕೋ ಬ್ಯಾಡೋ? ನಾ ಕೇಳಾಕತ್ತೀನಿ, ಬ್ಯಾರೆ ಯಾರೂ ಇಲ್ಲ.”

ನೀರಿನ ಸದ್ದು ನಿಂತಿತು. ಅವಳು ನಲ್ಲಿ ಮುಚ್ಚಿರಬೇಕು. ಹುಡುಗ ಒಳ್ಳೆಯವನಿದ್ದಾನೆ, ಮನೆತನ ಚೆನ್ನಾಗಿದೆ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂತು. ಅಕ್ಕನಾಗಿದ್ದರೆ ಆಡಿಬಿಡುತ್ತಿದ್ದಳು, ಹಿಂದಿನ ವಾರದ ನಾನೂ ಆಡುತ್ತಿದ್ದೆ. ಹಲ್ಲು ಕಚ್ಚಿ ಸುಮ್ಮನೆ ನಿಂತೆ. ಆಚೆ ದೋಣಿಯೊಂದು ಹಾದುಹೋಯಿತು.

“ಬ್ಯಾಡ, ಮಾವಶಿ,” ಎಂದಳು.

ಆಮೇಲೆ ತಾನಾಗಿಯೇ ಹೇಳಿದಳು. “ಅವ್ರ ಮ್ಯಾಲ ಸಿಟ್ಟೇನಿಲ್ಲ. ಸೊಸಿ ಡೇರಿಗೆ ಹೋಗೂದು ಬ್ಯಾಡ ಅಂತ ಅವ್ರಪ್ಪ ಅಂದಾಗ ನಾ ಒಮ್ಮೆ ಕಣ್ಣೆತ್ತಿ ಅವ್ರ ಮುಖಾ ನೋಡ್ದೆ. ಏನರ ಅಂತಾರೇನು ಅಂತ. ಮೊಬೈಲ್ ನೋಡಾಕತ್ತಿದ್ರು. ಅವ್ರ ದನಿ ಹೆಂಗೈತಿ ಅನ್ನೋದ ನನಗ ಗೊತ್ತಿಲ್ಲ.”

ಅವನನ್ನೂ ಯಾರೂ ಕೇಳಿರಲಿಕ್ಕಿಲ್ಲ, ಪಾಪ, ಒಮ್ಮೆ ಇಬ್ಬರೂ ಮಾತಾಡಿ ನೋಡಿ ಎಂದೆ. ಅದನ್ನೂ ಅವಳು ಯೋಚಿಸಿಯಾಗಿತ್ತು. ನನ್ನ ನಂಬರು ಅವರ ಮನೆಗೆ ಕೊಟ್ಟಿದೆ, ಡೇರಿಯಲ್ಲಿ ದಿನಾ ಇರುತ್ತೇನೆ, ಮಾತಾಡುವ ಮನಸ್ಸಿದ್ದರೆ ಇಷ್ಟು ದಿನದಲ್ಲಿ ಒಮ್ಮೆಯಾದರೂ ಫೋನು ಬರುತ್ತಿತ್ತು ಎಂದಳು. ಉಡಿ ಯಾಕೆ ತುಂಬಿಸಿಕೊಂಡೆ ಎಂದು ಕೇಳಿದೆ. ಅವ್ವ ಹಿಂದಿನಿಂದ ಬೆನ್ನಿಗೆ ತಿವಿದಳು ಎಂದಳು.

ಅಕ್ಕನಿಗೆ ನಾನೇ ಹೇಳಿದೆ. ಅದರ ವಿವರ ಬರೆಯಲಾರೆ. ಮೊದಲು ಅವಳು ನಂಬಲಿಲ್ಲ, ಆಮೇಲೆ ಅತ್ತಳು, ಆಮೇಲೆ ಪರದೇಶಕ್ಕೆ ಹೋದ ಕೂಡಲೇ ನಿನ್ನ ತಲೆ ತಿರುಗಿದೆ ಎಂದಳು. ಹುಡುಗಿ ನಮ್ಮ ಮುಂದೆ ಒಂದು ಮಾತೂ ಆಡಲಿಲ್ಲವಲ್ಲ ಎಂದು ಮತ್ತೆ ಮತ್ತೆ ಕೇಳಿದಳು. ಹೌದು, ಆಡಲಿಲ್ಲ ಎಂದೆ. ಕೊನೆಗೆ ಭಾವ ಫೋನು ಇಸಿದುಕೊಂಡು, ತಂಗಿ, ನೀ ನಿನ್ನ ಮೀನು ನೋಡು, ಇದನ್ನು ನಾವು ನೋಡುತ್ತೇವೆ ಎಂದು ಇಟ್ಟುಬಿಟ್ಟರು. ಉಳಿದ ದಿನಗಳಲ್ಲಿ ನಾನು ಕೆಲಸ ಮಾಡಿದೆ, ಸದ್ದು ಕೇಳಿದೆ, ಅಳೆದೆ. ಊಟ ಮಾತ್ರ ರುಚಿಸಲಿಲ್ಲ. ತೆರೆಜಾ ಕಾರಣ ಕೇಳಿದಾಗ ಎಲ್ಲವನ್ನೂ ಹೇಳಿದೆ. ಅವರು ಪೊಯಿಶ್, ಪೊಯಿಶ್ ಎನ್ನುತ್ತ ಕೇಳಿಸಿಕೊಂಡರು. ಸಲಹೆ ಏನೂ ಕೊಡಲಿಲ್ಲ, ನನ್ನ ಪಾಲಿನ ಕಾಫಿಯನ್ನೂ ಅವರೇ ಹೋಗಿ ತಂದರು.

ನಿಪ್ಪಾಣಿ

ಮುಂಬೈಯಿಂದ ಹೊರಟ ಬಸ್ಸು ಬೆಳಿಗ್ಗೆ ನಿಪ್ಪಾಣಿಯಲ್ಲಿ ಇಳಿಸಿತು. ಚಿಕ್ಕೋಡಿಗೆ ಹೋಗಿ ಮೊದಲು ನಿದ್ದೆ ಮಾಡಬೇಕು ಎಂದುಕೊಂಡು ನಿಲ್ದಾಣಕ್ಕೆ ಬಂದರೆ ಅಶ್ವಿನಿ ನಿಂತಿದ್ದಳು. ಬೆಳಗಿನ ಹಾಲು ಮುಗಿಸಿ ನೇರ ಬಂದಿದ್ದಳು. ಚೂಡಿದಾರದ ತೋಳು ಇನ್ನೂ ಒದ್ದೆ. ನನ್ನ ಸೂಟ್‌ಕೇಸು ಕಸಿದುಕೊಂಡು, ಕಬ್ಬಿನ ಹಾಲಿನ ಅಂಗಡಿಗೆ ಕರೆದುಕೊಂಡು ಹೋದಳು.

ಸಾಕರಪುಡಾ ನಿಂತಿತ್ತು. ನನ್ನ ಫೋನು ಬಂದ ಮರುದಿನ ಭಾವ ಅವಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದರಂತೆ. ಅವಳು ನನಗೆ ಹೇಳಿದ್ದನ್ನೇ ಹೇಳಿದಳಂತೆ. ಭಾವ ಒಬ್ಬರೇ ಅಥಣಿಗೆ ಹೋಗಿ, ತಲೆ ತಗ್ಗಿಸಿ ಮಾತು ಹಿಂದಕ್ಕೆ ಪಡೆದು ಬಂದಿದ್ದರು. ಹುಡುಗಿಗೆ ಏನೋ ಊನವಿದೆ ಎಂದು ಹುಡುಗನ ತಾಯಿ ಅಲ್ಲೆಲ್ಲ ಹೇಳುತ್ತಿದ್ದರು. ಆ ಮಾತು ಮಂಗಸೂಳಿ ದಾಟಿ ಕಾಗವಾಡದವರೆಗೂ ಹೋಗಿತ್ತು. ಇನ್ನು ಈ ಕಡೆಯಿಂದ ಸಂಬಂಧ ಬರುವುದು ಕಷ್ಟ ಎಂದು ಅಕ್ಕ ಮಗಳ ಜೊತೆ ಮಾತು ಬಿಟ್ಟಿದ್ದಳು. ಅದನ್ನೆಲ್ಲ ಅಶ್ವಿನಿ ಡೇರಿಯ ಲೆಕ್ಕ ಒಪ್ಪಿಸುವ ದನಿಯಲ್ಲಿ ಹೇಳಿದಳು. ಅವಳ ಕಣ್ಣು ಸೋತಿತ್ತು.

ಅವಳನ್ನು ನಗಿಸಬೇಕೆನಿಸಿತು. ಆಲಿವ್ ನುಂಗಿದ್ದು, ಕೆಸರಿನಲ್ಲಿ ಬೂಟು ಸಿಕ್ಕಿಕೊಂಡದ್ದು, ಮದುವೆ ಮಾಡಿಸಿದೆನೆಂದು ಬೀಗಿ ಬರೀ ಏಡಿಯನ್ನು ಕಂಡದ್ದು, ಎಲ್ಲ ಹೇಳಿದೆ. ಫೋನಿನಲ್ಲಿ ತುಂಬಿಕೊಂಡು ಬಂದಿದ್ದ ಮೀನಿನ ದನಿಯನ್ನು ಅವಳ ಕಿವಿಗೆ ಹಿಡಿದೆ. ಗದ್ದಲದ ನಿಲ್ದಾಣದಲ್ಲಿ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಎತ್ತಿ ನೋಡದೆ ಹೇಳಬಾರದು ಎಂದು ತೆರೆಜಾ ಹೇಳಿದ ಮಾತನ್ನೂ ಹೇಳಿ, ಅದಕ್ಕೇ ನಿನಗೆ ಅಲ್ಲಿಂದಲೇ ಫೋನು ಮಾಡಿದೆ ಎಂದೆ. ನಾನು ಮಾಡಿದ್ದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಅಶ್ವಿನಿ ಗ್ಲಾಸಿನ ತಳದ ಕಬ್ಬಿನ ಹಾಲು ಕುಡಿದು ಮುಗಿಸಿದಳು.

“ಇಷ್ಟ್ ಕೇಳಾಕ ಅಷ್ಟು ದೂರ ಹೋಗಬೇಕಿತ್ತೇನು ಮಾವಶಿ?” ಎಂದಳು. “ಚಿಕ್ಕೋಡಿಯಿಂದ ನಮ್ಮೂರಿಗೆ ಬಸ್ ಐತಲ್ಲ.”

ಅವಳು ನಗುತ್ತಿರಲಿಲ್ಲ. ಅಷ್ಟರಲ್ಲಿ ಬೇಡಕಿಹಾಳದ ಬಸ್ಸು ಬಂತು. ಸೂಟ್‌ಕೇಸನ್ನು ಅವಳ ಕೈಯಿಂದ ತೆಗೆದುಕೊಂಡು ನಾನೂ ಅದನ್ನೇ ಹತ್ತಿದೆ.